ಮೈಕ್ ತ್ಯಾಗರಾಜರ ಶ್ರದ್ಧಾಂಜಲಿ ಸಭೆ

ತ್ಯಾಗರಾಜರು ತಾವು ತೀರಿಕೊಂಡ ಸುದ್ದಿಯನ್ನು ಓದಿದ್ದು ಭಾನುವಾರ ಬೆಳಗ್ಗೆ ಒಂಬತ್ತೂಕಾಲಿಗೆ, ಆಲ್ಡಿ ಊರಿನ ತಮ್ಮ ಮನೆಯ ಅಡುಗೆಮನೆಯಲ್ಲಿ ನಿಂತುಕೊಂಡು, ಎರಡನೆಯ ಲೋಟ ಕಾಫಿ ಕುಡಿಯುತ್ತಾ. ಸುದ್ದಿ ಹಾಕಿದವರು ಕ್ಲಾರ್ಕ್ಸ್‌ಬರ್ಗ್‌ನ ಬದರಿನಾಥರು. ‘ಓಂ ಶಾಂತಿ. ತ್ಯಾಗರಾಜ ಅವರ ಆತ್ಮಕ್ಕೆ ಸದ್ಗತಿ ದೊರೆಯಲಿ. ದುಃಖ ಭರಿಸುವ ಶಕ್ತಿಯನ್ನು ಭಗವಂತ ಕುಟುಂಬಕ್ಕೆ ಕೊಡಲಿ’ ಎಂದು ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದು, ಕೆಳಗೆ ಕೈಮುಗಿದ ಚಿತ್ರ ನಾಲ್ಕು ಇಟ್ಟಿದ್ದರು. ತ್ಯಾಗರಾಜರು ಎರಡು ಸಲ ಓದಿದರು. ಬಳಗದಲ್ಲಿ ಇನ್ನೊಬ್ಬ ತ್ಯಾಗರಾಜ ಇದ್ದಾನೇನೋ ಎಂದು ಒಂದು ಗಳಿಗೆ ಯೋಚಿಸಿದರು. ಇರಲಿಲ್ಲ.

ಈ ಮನುಷ್ಯನ ವಿಷಯ ಸ್ವಲ್ಪ ಹೇಳಬೇಕು. ವಯಸ್ಸು ಐವತ್ತೊಂಬತ್ತು. ಬಿಪಿ ಮಾತ್ರೆ ಒಂದು ಬಿಟ್ಟರೆ ಗಟ್ಟಿಮುಟ್ಟು. ಹೆಂಡತಿ ವರಲಕ್ಷ್ಮಿ ಅಟ್ಲಾಂಟಾದಲ್ಲಿರುವ ಮಗಳ ಬಾಣಂತನಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಅವತ್ತೇ ಮಧ್ಯಾಹ್ನ ಎರಡು ಗಂಟೆಗೆ ವಾಪಸು ಬಂದು ತಮ್ಮೂರ ಹತ್ತಿರದ ಡಲ್ಲಸ್ ಏರ್‌ಪೋರ್ಟಿನಲ್ಲಿ ಇಳಿಯುವವರಿದ್ದರು. ಹದಿನೆಂಟು ವರ್ಷದಿಂದ ಬಳಗದ ಎಲ್ಲ ಕಾರ್ಯಕ್ರಮಕ್ಕೂ ಮೈಕು, ಸ್ಪೀಕರು, ವೈರು ಎಲ್ಲ ತ್ಯಾಗರಾಜರದೇ. ಯುಗಾದಿಯಾಗಲಿ, ಗಣಪತಿಯಾಗಲಿ, ಎಲ್ಲರಿಗಿಂತ ಮೊದಲು ಬರುವವರು ಅವರು, ಎಲ್ಲರೂ ಹೋದ ಮೇಲೆ ಬಾಗಿಲು ಎಳೆದುಕೊಂಡು ಹೋಗುವವರೂ ಅವರು. ನಡುವೆ ಆರು ಗಂಟೆ ವೇದಿಕೆಯ ಪಕ್ಕದ ಕತ್ತಲೆಯಲ್ಲಿ ಕೂತಿರುತ್ತಿದ್ದರು. ಮಕ್ಕಳಿಗೆ ಅವರು ‘ಮೈಕ್ ಅಂಕಲ್’. ಮಕ್ಕಳ ಅಪ್ಪ ಅಮ್ಮಂದಿರಿಗೂ ಮೈಕ್ ಅಂಕಲ್ಲೇ. ಮೈಕು ಸರಿಯಾಗಿ ಕೆಲಸ ಮಾಡಿದ ದಿನ ಅವರ ನೆನಪು ಒಬ್ಬರಿಗೂ ಬರುತ್ತಿರಲಿಲ್ಲ. ಕುಂಯ್ ಎಂದು ಕೂಗಿದ ದಿನ ಮಾತ್ರ ಮುನ್ನೂರು ತಲೆಗಳು ಒಟ್ಟಿಗೆ ಅವರ ಕಡೆ ತಿರುಗುತ್ತಿದ್ದವು.

ಅವರನ್ನು ಒಳಗೊಳಗೇ ಕೊರೆಯುತ್ತಿದ್ದ ಹುಳು ಒಂದೇ: ನಾನು ಸತ್ತರೆ ಎಷ್ಟು ಜನ ಬರುತ್ತಾರೆ? ನಗಬೇಡಿ. ಈ ಲೆಕ್ಕ ಎಲ್ಲರೂ ಮಾಡುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ತ್ಯಾಗರಾಜರಿಗೆ ಈ ಹುಳು ಹೊಕ್ಕಿದ್ದು ಕೋವಿಡ್ ಕಾಲದಲ್ಲಿ. ಆಗ ಬಳಗದ ಜೂಮ್ ಸಭೆಗಳೆಲ್ಲ ಅವರ ಕೈಯಲ್ಲಿದ್ದವು. ಊರಿನಲ್ಲಿ ಯಾರದೋ ಅಪ್ಪ, ಇಲ್ಲಿ ಯಾರದೋ ಗಂಡ ಎಂದು ವಾರಕ್ಕೊಂದು ಶ್ರದ್ಧಾಂಜಲಿ ಸಭೆ. ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಬಿಡುವುದು, ಕುಕ್ಕರ್ ಕೂಗುವ ಮನೆಗಳನ್ನು ಮ್ಯೂಟ್ ಮಾಡುವುದು, ಕೊನೆಗೆ ಎರಡು ನಿಮಿಷ ಮೌನ ಎಂದಾಗ ಗಡಿಯಾರ ನೋಡುವುದು, ಎಲ್ಲ ಅವರೇ. ಪರದೆಯ ಮೂಲೆಯಲ್ಲಿ ಬಂದವರ ಸಂಖ್ಯೆ ಕಾಣುತ್ತದಲ್ಲ, ಅದರ ಮೇಲೆ ಅವರ ಕಣ್ಣು ಬಿತ್ತು. ಡಾಕ್ಟರ್ ಶಿವಬಸಪ್ಪನವರಿಗೆ ಮುನ್ನೂರ ಹನ್ನೆರಡು. ಯಾರೋ ಒಬ್ಬರ ಅತ್ತೆಗೆ, ಆಕೆ ಈ ದೇಶಕ್ಕೆ ಕಾಲೇ ಇಟ್ಟಿರಲಿಲ್ಲ, ನೂರ ನಲವತ್ತು. ನನಗೆ? ಬಹಳ ಉದಾರವಾಗಿ ಹಿಡಿದರೂ ಇಪ್ಪತ್ತು ದಾಟುತ್ತಿರಲಿಲ್ಲ. ಅದರಲ್ಲೂ ಅವತ್ತು ಫುಟ್ಬಾಲ್ ಇದ್ದರೆ ಹನ್ನೆರಡು.

ಹೀಗಿರುವಾಗ ಹಿಂದಿನ ದಿನ, ಶನಿವಾರ, ರಾಜ್ಯೋತ್ಸವದಲ್ಲಿ ಬಳಗ ಅವರಿಗೆ ಸನ್ಮಾನ ಇಟ್ಟುಕೊಂಡಿತು. ಇಟ್ಟುಕೊಂಡಿತು ಎನ್ನುವುದಕ್ಕಿಂತ, ನಾಲ್ಕು ವರ್ಷದಿಂದ ಅವರು ಅಲ್ಲಿ ಇಲ್ಲಿ ಕೆಮ್ಮಿ ಸೂಚಿಸಿದ್ದರ ಫಲ ಅದು. ಶಾಲು ಹೊದಿಸಿದರು, ತಲೆಗೆ ಪೇಟ ಇಟ್ಟರು, ಗಂಧದ ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೈಗೆ ಬರುವಷ್ಟರಲ್ಲಿ ಮೈಕು ಕುಂಯ್ ಎಂದಿತು. ಸನ್ಮಾನಿತರು ಪೇಟ ಸಮೇತ ಓಡಿದರು. ಫೋಟೋ ತೆಗೆಯುವವರಿಗೆ ಸಿಕ್ಕಿದ್ದು ಅವರ ಬೆನ್ನು ಮಾತ್ರ.

ಇದು ಅವರಿಗೆ ತಡೆಯಲಾಗಲಿಲ್ಲ. ಅವತ್ತು ಸಂಜೆಯೇ ಬಳಗದ ಪೋಸ್ಟರು ಮಾಡುವ ನಿಧಿಗೆ ಫೋನು ಮಾಡಿದರು. ನಿಧಿ ಈ ದೇಶದಲ್ಲೇ, ರಿಚ್ಮಂಡ್‌ನಲ್ಲಿ ಹುಟ್ಟಿ ಬೆಳೆದವಳು, ಈಗ ಹಲ್ಲಿನ ಡಾಕ್ಟರು.

"ನೋಡಮ್ಮ, ಹಾರ ಹಾಕಿರೋ ಫೋಟೋ ಒಂದೂ ಇಲ್ಲ. ನಾನೊಂದು ಫೋಟೋ ಕಳಿಸ್ತೀನಿ. ಹೇಗಾದ್ರೂ ಮಾಡಿ ಅದರಲ್ಲಿ ಹಾರ ಕಾಣೋ ಹಾಗೆ ಮಾಡು."

"ಶೂರ್ ಅಂಕಲ್. ನಾನು ಆಡ್ ಮಾಡ್ತೀನಿ. ಇಟ್ ವಿಲ್ ಲುಕ್ ಕ್ಲಾಸಿ."

ಅವರು ಕಳಿಸಿದ್ದು ಪಾಸ್‌ಪೋರ್ಟಿನ ಫೋಟೋ. ಪಾಸ್‌ಪೋರ್ಟಿನಲ್ಲಿ ನಗುವ ಹಾಗಿಲ್ಲ. ನಿಧಿ ಅದನ್ನು ಕಪ್ಪು ಬಿಳುಪು ಮಾಡಿ, ಸುತ್ತ ಚೌಕಟ್ಟು ಹಾಕಿ, ಚೌಕಟ್ಟಿಗೆ ಹಾರ ಹಾಕಿ, ಎರಡೂ ಪಕ್ಕ ಒಂದೊಂದು ದೀಪ ಹಚ್ಚಿಟ್ಟಳು. ಕೆಳಗೆ: ‘ಶ್ರೀ ತ್ಯಾಗರಾಜ, ೨೦೦೫ – ೨೦೨೩. ನಿಮ್ಮ ನಿಸ್ವಾರ್ಥ ಸೇವೆಯನ್ನು ಬಳಗ ಎಂದೂ ಮರೆಯದು.’ ಬದುಕಿರುವವರ ಕೊರಳಿಗೆ ಹಾರ ಹಾಕುತ್ತೇವೆ, ಫೋಟೋಗೆ ಹಾಕುವುದಿಲ್ಲ ಎನ್ನುವುದನ್ನು ಆ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ಅದು ಹೇಳಿಕೊಡುವ ವಿಷಯವೂ ಅಲ್ಲ. ಭಾನುವಾರ ಬೆಳಗ್ಗೆ ಎಂಟೂವರೆಗೆ ಚಿತ್ರವನ್ನು ಗುಂಪಿಗೆ ಹಾಕಿ, ಹಿಂದಿನ ದಿನದ ದಣಿವಿಗೆ ಫೋನು ಸೈಲೆಂಟ್ ಮಾಡಿ ಮಲಗಿಬಿಟ್ಟಳು.

ಬದರಿನಾಥರು ಬಳಗದ ಮಾಜಿ ಅಧ್ಯಕ್ಷರು. ರಿಟೈರಾದ ಮೇಲೆ ಅವರು ಹಚ್ಚಿಕೊಂಡ ಕೆಲಸ ಯಾರೇ ಸತ್ತರೂ ಮೊದಲ ಓಂ ಶಾಂತಿ ತಮ್ಮದಾಗಿರುವಂತೆ ನೋಡಿಕೊಳ್ಳುವುದು. ಚಿತ್ರ ಕಂಡಿತು, ಹಾರ ಕಂಡಿತು, ಬೆರಳು ಓಡಿತು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದು ನಮ್ಮ ಜನಕ್ಕೆ ಹೊಸದಲ್ಲ. ಒಬ್ಬರಾದ ಮೇಲೆ ಒಬ್ಬರು ಓಂ ಶಾಂತಿ, ಓಂ ಶಾಂತಿ. ಆ ಗುಂಪಿನಲ್ಲಿ ಪಿಎಚ್‌ಡಿ ಮಾಡಿದವರೇ ನಲವತ್ತು ಜನ ಇದ್ದರು. ೨೦೨೩ರಲ್ಲಿ ೨೦೦೫ ಕಳೆದರೆ ಸತ್ತವನಿಗೆ ಹದಿನೆಂಟು ವರ್ಷ ಆಗುತ್ತದಲ್ಲ ಎಂದು ಒಬ್ಬರೂ ಕಳೆದು ನೋಡಲಿಲ್ಲ.

ತ್ಯಾಗರಾಜರಿಗೆ ಮೊದಲು ಬಂದದ್ದು ಕೋಪ. ಲೋಟ ಕೆಳಗಿಟ್ಟು ‘ರೀ, ನಾನು ಬದುಕಿದ್ದೀನಿ ಕಣ್ರೀ’ ಎಂದು ಟೈಪು ಮಾಡಿದರು. ಕಳಿಸುವ ಗುಂಡಿ ಒತ್ತಬೇಕು, ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು. ‘ಅಯ್ಯೋ! ನಂಬಕ್ಕೇ ಆಗ್ತಿಲ್ಲ! ನಿನ್ನೆ ತಾನೇ ನೋಡಿದ್ದೆ, ಎಷ್ಟು ಚೆನ್ನಾಗಿದ್ರು!’ ಬರೆದವರು ಯಾರೋ ಗೊತ್ತಾಗಲಿಲ್ಲ. ಆದರೆ ಮೂರು ಆಶ್ಚರ್ಯಸೂಚಕಗಳಿದ್ದವು. ತಮ್ಮ ವಿಷಯಕ್ಕೆ ಯಾರಾದರೂ ಒಂದೇ ಒಂದು ಆಶ್ಚರ್ಯಸೂಚಕ ಹಾಕಿದ್ದು ತ್ಯಾಗರಾಜರಿಗೆ ನೆನಪಿರಲಿಲ್ಲ. ಬೆರಳು ಗುಂಡಿಯ ಮೇಲೆಯೇ ನಿಂತಿತು. ಐದು ನಿಮಿಷ ನೋಡೋಣ, ಆಮೇಲೆ ಹೇಳಿದರಾಯಿತು ಎಂದುಕೊಂಡು ಕುರ್ಚಿ ಎಳೆದು ಕೂತರು.

ಐದು ನಿಮಿಷ ಒಂದು ಗಂಟೆಯಾಯಿತು. ಸತ್ತವರಿಗೆ ಯಾರೂ ಫೋನು ಮಾಡುವುದಿಲ್ಲ. ಅವರ ಫೋನು ಒಂದು ಸಲವೂ ರಿಂಗಾಗಲಿಲ್ಲ. ಗುಂಪಿನಲ್ಲಿ ಮಾತ್ರ ಸಂದೇಶಗಳ ಸುರಿಮಳೆ. ‘ಮೈಕ್ ಅಂಕಲ್ ಅಂದ್ರೆ ಇವರೇನಾ? ಹೆಸರು ಗೊತ್ತಿರಲಿಲ್ಲ, ಸಾರಿ, ಓಂ ಶಾಂತಿ.’ ‘ಏನಾಗಿತ್ತಂತೆ?’ ‘ಹಾರ್ಟ್ ಇರಬೇಕು.’ ‘ಮ್ಯಾಸಿವ್ ಅಂತೆ.’ ‘ಶುಗರ್ ಬೇರೆ ಇತ್ತಲ್ಲ ಪಾಪ.’ ತ್ಯಾಗರಾಜರಿಗೆ ಶುಗರ್ ಇರಲಿಲ್ಲ, ಇದು ಅನ್ಯಾಯ ಅನ್ನಿಸಿತು. ನಡುವೆ ಯಾರೋ ಯಾರಿಗೋ ಹ್ಯಾಪಿ ಬರ್ತ್‌ಡೇ ಕೇಕು ಹಾಕಿದರು. ಇನ್ನೊಬ್ಬರು ಮನೆ ಖಾಲಿ ಮಾಡುತ್ತಿದ್ದೇವೆ, ಸೋಫಾ ಇದೆ, ಬೇಕಾದವರು ಹೇಳಿ ಎಂದರು. ಅದಕ್ಕೂ ಒಬ್ಬರು ಓಂ ಶಾಂತಿ ಎಂದರು.

ಅಧ್ಯಕ್ಷ ಕೇಶವಮೂರ್ತಿಯವರ ಪಾಡು ಹೇಳತೀರದು. ಬಳಗದ ಅಧ್ಯಕ್ಷನಾಗಿ ತನಗೇ ಈ ಸುದ್ದಿ ಗೊತ್ತಿಲ್ಲ, ಮಾಜಿಗೆ ಗೊತ್ತಿದೆ! ಇದನ್ನು ಒಪ್ಪಿಕೊಳ್ಳುವುದು ಹೇಗೆ? ‘ಹೌದು, ಬೆಳಗಿನ ಜಾವ ವಿಷಯ ತಿಳಿಯಿತು. ಕುಟುಂಬದ ಜೊತೆ ಸಂಪರ್ಕದಲ್ಲಿದ್ದೇನೆ’ ಎಂದು ಬರೆದುಬಿಟ್ಟರು. ಬರೆದ ಮೇಲೆ ಸಂಪರ್ಕಿಸಲು ನೋಡಿದರು. ವರಲಕ್ಷ್ಮಿಯವರ ಫೋನು ಸ್ವಿಚ್ ಆಫ್. ಅಟ್ಲಾಂಟಾದಿಂದ ಬರುವ ಅವರು ದಾರಿಯಲ್ಲಿ ಇನ್ನೊಂದು ಊರಲ್ಲಿ ವಿಮಾನ ಬದಲಿಸಬೇಕಿತ್ತು, ಚಾರ್ಜರು ಮಗಳ ಮನೆಯಲ್ಲೇ ಉಳಿದಿತ್ತು. ಇದು ಅಧ್ಯಕ್ಷರಿಗೆ ಹೇಗೆ ಗೊತ್ತಾಗಬೇಕು? ‘ಪಾಪ, ಮೇಡಂ ಸುದ್ದಿ ಕೇಳಿ ಫ್ಲೈಟ್ ಹತ್ತಿದ್ದಾರೆ. ಯಾರೂ ಫೋನ್ ಮಾಡಿ ತೊಂದರೆ ಕೊಡಬೇಡಿ’ ಎಂದು ಹಾಕಿದರು. ಐದು ನಿಮಿಷ ಬಿಟ್ಟು ಮತ್ತೆ: ‘ದೇವರ ದಯೆ, ಸನ್ಮಾನ ನಿನ್ನೆಯೇ ಮುಗಿಸಿದೆವು. ಒಂದು ದಿನ ತಡ ಆಗಿದ್ದರೆ ಮರಣೋತ್ತರ ಅನ್ನಬೇಕಾಗುತ್ತಿತ್ತು.’

ಹೆಂಡತಿಯ ಪ್ರಸ್ತಾಪ ಕಂಡಾಗ ತ್ಯಾಗರಾಜರು ಗಡಿಯಾರ ನೋಡಿದರು. ಇದು ತಪ್ಪು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಇಳಿಯುವುದು ಎರಡು ಗಂಟೆಗೆ, ಫೋನಿಗೆ ಜೀವ ಬಂದ ಕೂಡಲೇ ನೂರಾರು ಓಂ ಶಾಂತಿ ಅವಳ ಮೇಲೆ ಬೀಳುತ್ತವೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೇಳಿಬಿಡಬೇಕು. ಒಂದು ಗಂಟೆಯವರೆಗೆ ಮಾತ್ರ ಸತ್ತಿರುತ್ತೇನೆ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ ಎಂದು ತಮಗೆ ತಾವೇ ಆಣೆ ಮಾಡಿಕೊಂಡರು. ಆಣೆ ಮಾಡಿದ ಮೇಲೆ ಮನಸ್ಸು ಹಗುರಾಯಿತು, ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡರು.

ಆಮೇಲೆ ಊಟದ ಪಟ್ಟಿ ಬಂತು. ಸಾವಿನ ಮನೆಗೆ ದಿನಕ್ಕೊಂದು ಕುಟುಂಬ ಅಡುಗೆ ಮಾಡಿ ಕಳಿಸುವ ಪಟ್ಟಿ ಅದು. ಮುಂದಿನ ಎರಡು ವಾರದ ದಿನಗಳೆಲ್ಲ ಹನ್ನೊಂದು ನಿಮಿಷದಲ್ಲಿ ಭರ್ತಿಯಾದವು. ಸೋಮವಾರ ಬಸ್ಸಾರು ಮುದ್ದೆ. ಮಂಗಳವಾರ ತಿಳಿಸಾರು, ಬೀನ್ಸ್ ಪಲ್ಯ. ಬುಧವಾರ ಜೋಳದ ರೊಟ್ಟಿ, ಎಣಗಾಯಿ. ಎರಡು ತಿಂಗಳಿಂದ ಮೊಸರನ್ನ, ಉಪ್ಪಿನಕಾಯಿಯಲ್ಲಿ ಕಾಲ ಹಾಕಿದ್ದ ತ್ಯಾಗರಾಜರು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಕಣ್ಣು ತುಂಬಿ ಬಂತು. ಹೆಸರು ಗೊತ್ತಿಲ್ಲದವನಿಗೆ ಎಣಗಾಯಿ ಮಾಡುವ ಜನರನ್ನು ಹದಿನೆಂಟು ವರ್ಷ ಬೈದುಕೊಂಡೆನಲ್ಲ ಎಂದು ನಿಜವಾಗಿ ನೊಂದರು. ಶುಕ್ರವಾರ ಯಾರೋ ಪಾಸ್ತಾ ಎಂದು ಬರೆದಿದ್ದರು. ಅದೊಂದು ಬೇಡವಾಗಿತ್ತು.

ಹನ್ನೊಂದೂವರೆಗೆ ಕೇಶವಮೂರ್ತಿ ಪ್ರಕಟಿಸಿದರು: ‘ಹನ್ನೆರಡು ಗಂಟೆಗೆ ಜೂಮ್‌ನಲ್ಲಿ ಶ್ರದ್ಧಾಂಜಲಿ ಸಭೆ. ಎಂದಿನ ಲಿಂಕ್.’

ಎಂದಿನ ಲಿಂಕು ಎಂದಿನಂತೆ ತೆರೆದುಕೊಳ್ಳಬೇಕಾದರೆ ಎಂದಿನ ಮನುಷ್ಯ ಬೇಕು. ಜೂಮಿನ ಬೀಗದ ಕೈ ತ್ಯಾಗರಾಜರೊಬ್ಬರ ಹತ್ತಿರವೇ ಇದೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಬಾಗಿಲನ್ನು ಅಧ್ಯಕ್ಷರು ತೆಗೆಯುತ್ತಾರೆ ಎಂದು ಬದರಿನಾಥರು, ಬದರಿನಾಥರು ತೆಗೆಯುತ್ತಾರೆ ಎಂದು ಅಧ್ಯಕ್ಷರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ತ್ಯಾಗರಾಜರ ಲ್ಯಾಪ್‌ಟಾಪು ಟಿಂಗ್ ಎಂದಿತು: ಹೊರಗೆ ಕಾಯುತ್ತಿರುವವರು ನಲವತ್ಮೂರು.

ನಲವತ್ಮೂರು! ಇಪ್ಪತ್ತು ದಾಟುವುದಿಲ್ಲ ಎಂದುಕೊಂಡಿದ್ದು! ನೋಡುತ್ತಿದ್ದ ಹಾಗೇ ಐವತ್ತು, ಅರವತ್ತೊಂದು. ಇಷ್ಟು ಜನರನ್ನು ಬಾಗಿಲಲ್ಲಿ ನಿಲ್ಲಿಸುವುದು ಸರಿಯೇ? ಹದಿನೆಂಟು ವರ್ಷದಲ್ಲಿ ಒಂದು ಕಾರ್ಯಕ್ರಮವನ್ನೂ ಅವರು ತಡ ಮಾಡಿದವರಲ್ಲ. ಕ್ಯಾಮೆರಾ ಮುಚ್ಚಿ, ಮೈಕು ಮುಚ್ಚಿ, ‘ಕನ್ನಡ ಬಳಗ’ ಎಂಬ ಎಂದಿನ ಹೆಸರಿನಲ್ಲಿ ತಮ್ಮದೇ ಶ್ರದ್ಧಾಂಜಲಿ ಸಭೆಯ ಬಾಗಿಲನ್ನು ತಾವೇ ತೆರೆದರು. ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಬಿಳಿ ಜುಬ್ಬ ಹಾಕಿಕೊಂಡು ಬಂದವರೂ ಇದ್ದರು, ಕಾರಿನಿಂದ ಸೇರಿದವರೂ ಇದ್ದರು. ಫ್ರೆಡರಿಕ್ ಊರಿನ ಒಂದು ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು, ಮ್ಯೂಟ್ ಮಾಡಿದರು. ಸಂಖ್ಯೆ ತೊಂಬತ್ತೇಳಕ್ಕೆ ಬಂದು ನಿಂತಿತು. ತ್ಯಾಗರಾಜರು ಕುರ್ಚಿಗೆ ಒರಗಿ ಕೂತರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಈಗ ಸತ್ತರೂ ಚಿಂತೆಯಿಲ್ಲ ಅನ್ನಿಸಿತು.

ಮೊದಲು ಮಾತನಾಡಿದವರು ಬದರಿನಾಥರು. ತಾವು ತೊಂಬತ್ನಾಲ್ಕರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದಿದ್ದು, ಬಳಗ ಕಟ್ಟಿದ್ದು, ಆಗ ಅಕ್ಕಿ ತರಲು ಎಷ್ಟು ದೂರ ಡ್ರೈವ್ ಮಾಡಬೇಕಿತ್ತು ಎನ್ನುವುದು, ಇಷ್ಟು ಹೇಳಿ, ಕೊನೆಗೆ "ಇಂಥ ಕಾಲದಲ್ಲಿ ತ್ಯಾಗರಾಜ್ ಕೂಡ ಇದ್ರು" ಎಂದು ಮುಗಿಸಿದರು. ತ್ಯಾಗರಾಜರು ಇರಲಿಲ್ಲ. ಅವರು ಬಂದಿದ್ದು ಎರಡು ಸಾವಿರದ ಮೂರರಲ್ಲಿ.

ಎರಡನೆಯವರು, "ಅವರ ಮುಖದಲ್ಲಿ ಯಾವಾಗಲೂ ನಗು" ಎಂದರು. ಮೂರನೆಯವರು, "ಒಂದು ದಿನಾನೂ ಯಾರ ಮೇಲೂ ಕೋಪ ಮಾಡಿಕೊಂಡವರಲ್ಲ" ಎಂದರು. ನಾಲ್ಕನೆಯದಾಗಿ ಒಬ್ಬ ಹೆಂಗಸು ಗಂಟಲು ಸರಿಮಾಡಿಕೊಂಡು, "ಹೆಸರಿಗೆ ತಕ್ಕ ಹಾಗೆ ಎಷ್ಟು ಚೆನ್ನಾಗಿ ಹಾಡ್ತಿದ್ರು! ಇನ್ನು ಆ ದನಿ ಎಲ್ಲಿ ಕೇಳೋದು?" ಎಂದಳು. ತೊಂಬತ್ತೇಳು ಜನ ತಲೆಯಾಡಿಸಿದರು. ತ್ಯಾಗರಾಜರು ಜನ್ಮದಲ್ಲಿ ಹಾಡಿದವರಲ್ಲ. ಸ್ನಾನದ ಮನೆಯಲ್ಲಿ ಗುನುಗಿದರೂ ವರಲಕ್ಷ್ಮಿ ಬಾಗಿಲು ಬಡಿಯುತ್ತಿದ್ದಳು.

ಹಾಲು ಹೊಯ್ದ ಹೊಟ್ಟೆಯಲ್ಲಿ ಈಗ ಹುಳಿ ಹಿಂಡಿದ ಹಾಗಾಯಿತು. ತೊಂಬತ್ತೇಳು ಜನ ಬಂದಿದ್ದರು, ಸರಿ. ಯಾರಿಗೆ ಬಂದಿದ್ದರು? ಸದಾ ನಗುವ, ಕೋಪವೇ ಬಾರದ, ಇಂಪಾಗಿ ಹಾಡುವ ಒಬ್ಬ ತ್ಯಾಗರಾಜನಿಗೆ. ಆ ಸತ್ತ ತ್ಯಾಗರಾಜ ತಮಗಿಂತ ಎಷ್ಟೋ ಒಳ್ಳೆಯವನು. ಅವನ ಮೇಲೆ ಅವರಿಗೆ ಹೊಟ್ಟೆಕಿಚ್ಚಾಯಿತು. ಅದರ ಹಿಂದೆಯೇ ಭಯ ಬಂತು. ಈಗ ನಾನು ಬದುಕಿದ್ದೇನೆ ಎಂದರೆ ಇವರಿಗೆಲ್ಲ ಎಷ್ಟು ನಿರಾಸೆಯಾಗಬಹುದು! ಅಂಥವನನ್ನು ಕಿತ್ತುಕೊಂಡು ಇಂಥವನನ್ನು ಕೊಟ್ಟ ಹಾಗೆ. ಗಡಿಯಾರ ಹನ್ನೆರಡೂ ನಲವತ್ತು ತೋರಿಸುತ್ತಿತ್ತು. ಇನ್ನು ಇಪ್ಪತ್ತು ನಿಮಿಷದಲ್ಲಿ ಹೇಗೆ ಬದುಕುವುದು ಎಂದು ಅವರಿಗೆ ತೋಚಲೇ ಇಲ್ಲ.

ಅಷ್ಟರಲ್ಲಿ ಕೇಶವಮೂರ್ತಿ, "ದುಃಖದ ಸಂದರ್ಭ, ಆದರೂ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಬೇಕು" ಎಂದು ಶುರು ಮಾಡಿದರು. "ಸ್ಪೀಕರು, ಮಿಕ್ಸರು ಎಲ್ಲ ಅವರ ಗರಾಜಲ್ಲಿದೆ. ಸಂಕ್ರಾಂತಿ ಪ್ರೋಗ್ರಾಮಿಗೆ ಬೇಕೇ ಬೇಕು. ಅವರ ಗರಾಜ್ ಕೋಡ್ ಯಾರಿಗಾದ್ರೂ ಗೊತ್ತಾ?"

ಈ ಮಾತಿಗೆ ಸಭೆ ಚುರುಕಾಯಿತು. ಅಲ್ಲಿಯವರೆಗೆ ಕ್ಯಾಮೆರಾ ಮುಚ್ಚಿದ್ದವರೂ ತೆರೆದರು. ಹೊಸ ಸ್ಪೀಕರು ಕೊಳ್ಳುವುದೋ, ಬಾಡಿಗೆಗೆ ತರುವುದೋ ಎಂದು ನಾಲ್ವರು ಒಟ್ಟಿಗೆ ಮಾತಾಡಿದರು. ತ್ಯಾಗರಾಜರು ಅಭ್ಯಾಸಬಲದಿಂದ ಇಬ್ಬರನ್ನು ಮ್ಯೂಟ್ ಮಾಡಿದರು. ಆಗಲೇ ಅವರ ಕಣ್ಣಿಗೆ ಕೆಳಗಿನ ಮೂಲೆಯ ಚೌಕ ಬಿದ್ದಿದ್ದು.

ಆ ಚೌಕದಲ್ಲಿ ಅರ್ಧ ಹಣೆ, ವಿಭೂತಿ, ಮೇಲೆ ತಿರುಗುವ ಫ್ಯಾನು. ಮಹಾದೇವಕ್ಕ. ಧಾರವಾಡದ ಕಡೆಯವರು, ಎಂಬತ್ತು ದಾಟಿದ ಜೀವ, ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಡಾಕ್ಟರಾಗಿರುವ ಮಗನ ಮನೆಯಲ್ಲಿದ್ದರು. ಮಗ ಸೊಸೆ ಇಬ್ಬರೂ ಡ್ಯೂಟಿಗೆ ಹೋದರೆ ಮನೆಯಲ್ಲಿ ಇವರೊಬ್ಬರೇ. ನೀಲಿ ಅಕ್ಷರ ಕಂಡರೆ ಒತ್ತಿರಿ ಎಂದು ಎರಡು ವರ್ಷದ ಹಿಂದೆ ತ್ಯಾಗರಾಜರೇ ಫೋನಿನಲ್ಲಿ ಹೇಳಿಕೊಟ್ಟಿದ್ದರು. ಅವತ್ತಿನಿಂದ ಬಳಗದ ಯಾವ ಸಭೆಯ ಲಿಂಕು ಬಂದರೂ ಮಹಾದೇವಕ್ಕ ಒತ್ತುತ್ತಿದ್ದರು. ಮಕ್ಕಳ ಯೋಗಕ್ಕೂ ಬಂದಿದ್ದರು, ಟ್ಯಾಕ್ಸ್ ಸೆಮಿನಾರಿಗೂ ಬಂದಿದ್ದರು.

ಈಗ ಅವರು ಏನೋ ಹೇಳುತ್ತಿದ್ದರು. ತುಟಿ ಆಡುತ್ತಿತ್ತು, ದನಿ ಇಲ್ಲ. ಫೋನು ಒಮ್ಮೆ ಕೆಳಗಿಳಿದಾಗ ಮುಖ ಪೂರ್ತಿ ಕಂಡಿತು. ಎರಡೂ ಕಣ್ಣಿಂದ ಧಾರಾಕಾರ ನೀರು. ಸೆರಗಿನಿಂದ ಒರೆಸಿಕೊಂಡು ಮತ್ತೆ ಏನೋ ಹೇಳಿದರು. ಯಾರೋ ಒಬ್ಬರು, "ಆಂಟಿ, ಯು ಆರ್ ಆನ್ ಮ್ಯೂಟ್" ಎಂದು ಹೇಳಿ ಸ್ಪೀಕರಿನ ಚರ್ಚೆಗೆ ಮರಳಿದರು. ಮಹಾದೇವಕ್ಕ ಫೋನನ್ನು ಕಿವಿಗೆ ಹಿಡಿದರು, ತಿರುಗಿಸಿ ನೋಡಿದರು, ಮತ್ತೆ ಹೇಳಿದರು. ಕಣ್ಣೀರು ಸುರಿಯುತ್ತಲೇ ಇತ್ತು.

ತೊಂಬತ್ತೇಳು ಜನರಲ್ಲಿ ಒಬ್ಬರ ಕಣ್ಣು ಮಾತ್ರ ಒದ್ದೆಯಾಗಿತ್ತು, ಆ ಒಬ್ಬರ ದನಿಯೇ ಯಾರಿಗೂ ಕೇಳಿಸುತ್ತಿರಲಿಲ್ಲ. ತ್ಯಾಗರಾಜರು ಮ್ಯೂಟ್ ತೆಗೆಯುವ ಕೋರಿಕೆಯನ್ನು ಕಳಿಸಿದರು. ಮಹಾದೇವಕ್ಕನಿಗೆ ಅದು ತಿಳಿಯಲಿಲ್ಲ. ಮತ್ತೆ ಕಳಿಸಿದರು. ಆಕೆ ತಪ್ಪು ಗುಂಡಿ ಒತ್ತಿ ಪರದೆಯ ತುಂಬ ಹಾರುವ ಬಲೂನು ಬಂದವು. ಬಾಡಿಗೆ ಸ್ಪೀಕರು ವಾಸಿ ಎಂದು ಸಭೆ ತೀರ್ಮಾನಕ್ಕೆ ಬರುತ್ತಿತ್ತು. ತ್ಯಾಗರಾಜರಿಗೆ ಇನ್ನು ತಡೆಯಲಾಗಲಿಲ್ಲ. ಮರ್ಯಾದೆ, ತೊಂಬತ್ತೇಳು, ಎಣಗಾಯಿ, ಯಾವುದೂ ಆಗ ತಲೆಯಲ್ಲಿ ಇರಲಿಲ್ಲ. ತಮ್ಮ ಮೈಕು ತೆರೆದು ಹೇಳಿದರು:

"ಅಕ್ಕ, ಕೆಳಗಡೆ ಎಡಗಡೆ ಕೆಂಪು ಬಣ್ಣದ್ದು ಮೈಕಿನ ಚಿತ್ರ ಇದೆಯಲ್ಲ, ಅದನ್ನ ಒಂದು ಸಲ ಒತ್ತಿ. ಒಂದೇ ಸಲ. ಹಾಂ, ಅದೇ."

ಬದರಿನಾಥರ ಕೈ ತಾನಾಗಿಯೇ ಜನಿವಾರಕ್ಕೆ ಹೋಯಿತು. ಕೇಶವಮೂರ್ತಿ "ಯಾರದು... ಯಾರು ಮಾತಾಡ್ತಿರೋದು?" ಎಂದರು, ದನಿ ಹೆಣ್ಣು ಮಕ್ಕಳ ದನಿಯ ಹಾಗೆ ಕೀಚಲಾಗಿತ್ತು.

ಮಹಾದೇವಕ್ಕ ಒತ್ತಿದರು. ಫ್ಯಾನಿನ ಸದ್ದು ಬಂತು, ಆಮೇಲೆ ಅವರ ದನಿ. "ಕೇಳಸ್ತೈತೇನ್ರೀ? ಆಗಿಂದ ಒದರಾಕತ್ತೀನಿ, ಒಬ್ಬರರ ಮಾತಾಡವಲ್ಲರಿ. ಯಾರ ಸತ್ತಾರ್ರೀ? ಯಾರಂತ ಒಬ್ಬರೂ ನೆಟ್ಟಗ ಹೇಳವಲ್ಲರಿ. ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡೀನಿ, ಉರ್ಯಾಕತ್ತೈತಿ, ಅಕ್ಷರ ಕಾಣವಲ್ದು. ಆ ತ್ಯಾಗರಾಜನ್ನ ಕರೀರಿ. ಅಂವ ಎಲ್ಲಿ ಅದಾನ? ಅಂವಗಾದ್ರ ಎಲ್ಲಾ ಗೊತ್ತಿರತೈತಿ."

ಆಕೆ ಅತ್ತಿರಲಿಲ್ಲ. ಸತ್ತದ್ದು ಯಾರೆಂದೂ ಆಕೆಗೆ ಗೊತ್ತಿರಲಿಲ್ಲ. ಆದರೆ ಇಡೀ ಸಭೆಯಲ್ಲಿ ತ್ಯಾಗರಾಜ ಬೇಕು, ಈಗಲೇ ಬೇಕು ಎಂದು ಕೇಳಿದವರು ಇವರೊಬ್ಬರೇ. ತ್ಯಾಗರಾಜರು ಕ್ಯಾಮೆರಾ ತೆರೆದರು. ಗಡ್ಡ ಕೆರೆದಿರಲಿಲ್ಲ, ಮೈಮೇಲೆ ಬನಿಯನ್ನು, ಕೈಯಲ್ಲಿ ಕಾಫಿ ಲೋಟ.

"ಇಲ್ಲೇ ಇದೀನಿ ಅಕ್ಕ."

"ಅಲ್ಲೇ ಅದೀಯಲ್ಲ! ಮತ್ಯಾಕ ಸುಮ್ಮನ ಕುಂತಿದ್ದಿ?" ಎಂದರು ಮಹಾದೇವಕ್ಕ.

ಆಮೇಲಿನ ಗಲಾಟೆಯನ್ನು ಏನು ಹೇಳಲಿ. ಹಾಡಿನ ಹೆಂಗಸು ಕಿಟಾರೆಂದು ಕಿರುಚಿದಳು. ಬದರಿನಾಥರ ಚೌಕ ಮಾಯವಾಯಿತು. ಕರೆಂಟ್ ಹೋಯಿತು ಎಂದು ಆಮೇಲೆ ಗುಂಪಿನಲ್ಲಿ ಬರೆದರು, ಕ್ಲಾರ್ಕ್ಸ್‌ಬರ್ಗ್‌ನ ಬೇರೆ ಯಾರ ಮನೆಯಲ್ಲೂ ಹೋಗಿರಲಿಲ್ಲ. ಅದೇ ಹೊತ್ತಿಗೆ ಎದ್ದ ನಿಧಿ ‘ವೇಟ್, ಅದು ಸನ್ಮಾನದ ಪೋಸ್ಟರ್! ಗೈಸ್!!’ ಎಂದು ಬರೆದಳು. ತ್ಯಾಗರಾಜರು ತಪ್ಪಾಯಿತು ಎಂದು ಕೈಮುಗಿದರು. ಬೆಳಗ್ಗೆಯೇ ನೋಡಿದ್ದೆ, ಹೇಳಬೇಕಿತ್ತು, ಹೇಳಲಿಲ್ಲ, ಯಾಕೆ ಅಂತ ಕೇಳಬೇಡಿ ಎಂದರು. ಯಾರೂ ಕೇಳಲಿಲ್ಲ. ಕೇಳಿದರೆ ತಾವು ಯಾಕೆ ಓದದೆ ಓಂ ಶಾಂತಿ ಹಾಕಿದೆವು ಎನ್ನುವುದೂ ಬರುತ್ತಿತ್ತು. ಹಾಗಾಗಿ ಎಲ್ಲರೂ ಜೋರಾಗಿ ನಕ್ಕರು. ಕುಟುಂಬದ ಸಂಪರ್ಕದಲ್ಲಿದ್ದ ಕೇಶವಮೂರ್ತಿ ಎಲ್ಲರಿಗಿಂತ ಜೋರಾಗಿ ನಕ್ಕು, ಹಣೆ ಒರೆಸಿಕೊಂಡು, "ಅಬ್ಬ, ಬದುಕಿದೆವು ಸಾರ್! ಹಾಗಾದ್ರೆ ಸಂಕ್ರಾಂತಿಗೆ ಮೈಕ್ ನೀವೇ ನೋಡ್ಕೋತೀರಲ್ಲ?" ಎಂದರು.

"ನೋಡ್ಕೋತೀನಿ" ಎಂದರು ತ್ಯಾಗರಾಜರು.

"ಸೋಮವಾರದ ಬಸ್ಸಾರು ಕ್ಯಾನ್ಸಲ್ ಮಾಡ್ಲಾ ಅಂಕಲ್?" ಎಂದು ಯಾರೋ ಕೇಳಿದರು.

"ಅದನ್ನ ಮಾತ್ರ ಕ್ಯಾನ್ಸಲ್ ಮಾಡಬೇಡಿ ಅಮ್ಮ" ಎಂದಾಗ ಇನ್ನೊಂದು ನಗೆ ಎದ್ದಿತು. ಆಮೇಲೆ ಜನ ಹೊರಡಲು ಶುರು ಮಾಡಿದರು. ಸಾವಿಗೆ ಬಂದವರಿಗೆ ಬದುಕಿದವನ ಹತ್ತಿರ ಕೆಲಸವೇನು? ಚೌಕಗಳು ಒಂದೊಂದಾಗಿ ಆರಿದವು. ನಾಲ್ಕು ನಿಮಿಷದಲ್ಲಿ ತೊಂಬತ್ತೇಳು ಹೋಗಿ ಮೂವತ್ತಾಯಿತು, ಆಮೇಲೆ ಒಂಬತ್ತು. ಇದನ್ನು ನೋಡಿ ಸಂಕಟವಾಗಬೇಕಿತ್ತು, ಅದಕ್ಕಾಗಿ ತ್ಯಾಗರಾಜರು ಕಾದರು ಕೂಡ. ಆಗಲಿಲ್ಲ. ಬಿಗಿಯಾದ ಬೂಟು ಬಿಚ್ಚಿದ ಹಾಗೆ ಒಳಗೆಲ್ಲ ಹಗುರಾಯಿತು. ಆ ಇಂಪಾಗಿ ಹಾಡುವ, ಸದಾ ನಗುವ ತ್ಯಾಗರಾಜ ಅವರೆಲ್ಲರ ಜೊತೆ ಹೊರಟುಹೋದ. ಅವನ ಹಾಗೆ ಇರುವ ಹೊಣೆ ಇನ್ನು ತಮ್ಮದಲ್ಲ.

ಒಂದು ಗಂಟೆಗೆ ಎರಡು ನಿಮಿಷ ಇತ್ತು. ವರಲಕ್ಷ್ಮಿಗೆ ‘ಗುಂಪಿನ ಮೆಸೇಜು ಒಂದೂ ನಂಬಬೇಡ, ಬದುಕಿದ್ದೀನಿ, ಏರ್‌ಪೋರ್ಟಿಗೆ ಬರ್ತಿದ್ದೀನಿ’ ಎಂದು ಕಳಿಸಿದರು. ಅಂಗಿ ಹಾಕಿಕೊಂಡು ಬಂದು ಲ್ಯಾಪ್‌ಟಾಪು ಮುಚ್ಚಲು ಹೋದರೆ ಒಂದು ಚೌಕ ಇನ್ನೂ ಉಳಿದಿತ್ತು. ಅರ್ಧ ಹಣೆ, ಫ್ಯಾನು.

"ತ್ಯಾಗರಾಜ, ಎಲ್ಲಾರೂ ಹೋದ್ರೇನೋ?"

"ಹೋದ್ರು ಅಕ್ಕ."

"ಸತ್ತವರು ಯಾರಂತ ಹೇಳಲಿಲ್ಲ ನೀ."

"ಯಾರೂ ಸತ್ತಿಲ್ಲ ಅಕ್ಕ. ಸತ್ತಿದ್ದಾರೆ ಅಂದ್ಕೊಂಡುಬಿಟ್ಟಿದ್ರು."

"ಚಲೋ ಆತು ಬಿಡು. ಬಾಯಿ ಸುಡಲಿ ಅವರದು. ಉಂಡೇನಪಾ ನೀ?"

ಬೆಳಗ್ಗೆಯಿಂದ ನೂರ ಅರವತ್ತು ಜನ ಅವರ ಬಗ್ಗೆ ಬರೆದಿದ್ದರು, ಅವರನ್ನು ಉಂಡಿರಾ ಎಂದು ಕೇಳಿದವರು ಇರಲಿಲ್ಲ. ತ್ಯಾಗರಾಜರು ಕಾರಿನ ಕೀಲಿ ಮೇಜಿನ ಮೇಲಿಟ್ಟು ಮತ್ತೆ ಕೂತರು. ಡಲ್ಲಸ್‌ಗೆ ಇಪ್ಪತ್ತು ನಿಮಿಷದ ದಾರಿ, ಸಮಯ ಇತ್ತು.

"ಇನ್ನೂ ಇಲ್ಲ ಅಕ್ಕ" ಎಂದರು. "ಬೆಳಗ್ಗೆಯಿಂದ ಬರೀ ಕಾಫಿ."